ನೋಟಿಸು ಯಾರಿಗೆ ಅರ್ಥವಾಗಬೇಕು?

ತಿಂಗಳ ಬಾಡಿಗೆಯ ಮನೆ ಬಿಡಿಸಲು, ಬೇರೆ ಕರಾರು ಇಲ್ಲದಿದ್ದರೆ, 15 ದಿನಗಳ ನೋಟಿಸು ಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಹಾಗೆನ್ನುತ್ತದೆ. ನೋಟಿಸು ಬರಹದಲ್ಲಿರಬೇಕು, ಸಹಿ ಇರಬೇಕು. ಕೈಗೆ ಕೊಡಲಾಗದಿದ್ದರೆ ಮನೆಯ ಎದ್ದು ಕಾಣುವ ಕಡೆ ಅಂಟಿಸಬಹುದು. ಕಾಗದ ಕಣ್ಣಿಗೆ ಬೀಳಬೇಕೆಂಬ ಕಾಳಜಿ ಅಲ್ಲಿದೆ. ಅದು ಯಾವ ಭಾಷೆಯಲ್ಲಿರಬೇಕೆಂಬ ಮಾತೇ ಇಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ ಬೆಳೆದ ಭೀಮರಾಯನಗುಡಿಯ ಸೀಮೆಯಲ್ಲಿ ಕನ್ನಡದ ಜತೆ ದಖ್ಖನಿ ಉರ್ದು, ಲಂಬಾಣಿ, ತೆಲುಗೂ ಮನೆಮಾತುಗಳೇ. ಇಲ್ಲಿ ಇಂಗ್ಲಿಷ್ ನೋಟಿಸು ಬಂದರೆ ಎಲ್ಲರೂ ಓದಬಲ್ಲವರನ್ನು ಹುಡುಕಬೇಕು. ಕನ್ನಡದಲ್ಲಿ ಬಂದರೆ ಕೆಲವರು. ನಿಜಾಮರ ಕಾಲದಲ್ಲಿ ಉರ್ದು ಕಾಗದ ಹಿಡಿದ ಕನ್ನಡ ರೈತನ ಪಾಡೂ ಇದೇ ಆಗಿತ್ತು. ಆಡಳಿತದ ಭಾಷೆ ಬದಲಾಯಿತು, ಬಡವರ ಅಲೆದಾಟ ತಪ್ಪಲಿಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟರು ಉಚಿತ ನೆರವಿಗೆ ಅರ್ಹರು. ಆದರೆ ನೆರವು ಕೇಳಬೇಕಾದರೆ ಬಂದ ಕಾಗದ ಏನೆಂದು ಮೊದಲು ತಿಳಿಯಬೇಕಲ್ಲವೇ?

ಮಾಲೀಕರ ಹಕ್ಕನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಬಾಡಿಗೆದಾರರು ಬಲ್ಲ ಭಾಷೆಯಲ್ಲಿ ನಾಲ್ಕು ಸಾಲು ಜತೆಗಿರಲಿ: ಇದು ಯಾವ ಕಾಗದ, ಗಡುವು ಎಂದು, ನೋಟಿಸೇ ನ್ಯಾಯಾಲಯದ ಆದೇಶವಲ್ಲ, ನೆರವು ಎಲ್ಲಿ ಸಿಗುತ್ತದೆ. ಓದು ಬಾರದವರಿಗೆ ಅದನ್ನು ಓದಿ ಹೇಳಲಿ. ಅಲ್ಲಿಯವರೆಗೆ ಆ 15 ದಿನಗಳು ಓದಬಲ್ಲವರಿಗೆ ಮಾತ್ರ.