ತೊಳೆದ ಮೀನು, ಅರ್ಧ ಕೆ.ಜಿ.

ಹೊಸಬರಿಗಾಗಿ ಬರೆದ ಮೀನಡುಗೆಯ ಬರಹಗಳಲ್ಲಿ ಸಾಮಗ್ರಿ ಪಟ್ಟಿಯ ಮೊದಲ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ತೊಳೆದು ಸ್ವಚ್ಛಗೊಳಿಸಿದ ಮೀನು, ಅರ್ಧ ಕೆ.ಜಿ. ಆಮೇಲೆ ಅರಿಶಿನ ಕಾಲು ಚಮಚ, ಖಾರದ ಪುಡಿ ಎರಡು ಚಮಚ, ಉಪ್ಪು ರುಚಿಗೆ ತಕ್ಕಷ್ಟು. ಕೆಲವು ವರ್ಷಗಳ ಹಿಂದೆ ಬಾಡಿಗೆ ಕೋಣೆಯಲ್ಲಿ ಮೊದಲ ಸಲ ಬಂಗುಡೆ ಹುರಿಯಲು ಹೊರಟಾಗ ನನ್ನ ಮುಂದಿದ್ದದ್ದೂ ಇಂಥದೇ ಒಂದು ಬರಹ. ತಲೆಬರಹದಲ್ಲೇ 'ಸುಲಭ' ಎಂದಿತ್ತು, ಹತ್ತೇ ನಿಮಿಷ ಎಂದೂ ಇತ್ತು. ಬಂಗುಡೆ ಮಾತ್ರ ಇಡಿಯಾಗಿ, ಕಣ್ಣು ಬಿಟ್ಟುಕೊಂಡು, ತಟ್ಟೆಯಲ್ಲಿ ಮಲಗಿತ್ತು. 'ತೊಳೆದು ಸ್ವಚ್ಛಗೊಳಿಸಿದ' ಎಂಬ ಎರಡು ಪದಗಳನ್ನು ದಾಟಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಆ ಎರಡು ಪದಗಳ ವ್ಯಾಕರಣವನ್ನು ಸ್ವಲ್ಪ ನೋಡಬೇಕು. ಕೆಲಸ ಆಗಲೇ ಮುಗಿದಿದೆ, ಆದರೆ ಮಾಡಿದವರು ಯಾರು ಎಂಬುದು ಇಲ್ಲ. ಹಳೆಯ ವ್ಯಾಖ್ಯಾನಕಾರರು ಪದ್ಯದಲ್ಲಿ ಬಿಟ್ಟುಹೋದ ಪದವನ್ನು ಓದುಗ ತಾನೇ ತುಂಬಿಕೊಳ್ಳುವುದಕ್ಕೆ ಅಧ್ಯಾಹಾರ ಎನ್ನುತ್ತಿದ್ದರು. ಇಲ್ಲಿ ತುಂಬಿಕೊಳ್ಳಬೇಕಾದ ಕರ್ತೃಪದ ಅಮ್ಮನದ್ದಿರಬಹುದು, ಅಜ್ಜಿಯದ್ದಿರಬಹುದು, ಕರಾವಳಿಯ ಮಾರುಕಟ್ಟೆಯಲ್ಲಿ ಮಣೆಕತ್ತಿಯ ಹಿಂದೆ ಕೂತ ಮೀನುಗಾರ ಹೆಂಗಸಿನದ್ದಿರಬಹುದು. ರೆಕ್ಕೆ ಕತ್ತರಿಸುವುದು, ಹುರುಪೆ ಹೆರೆಯುವುದು, ಕಿವಿರು ಕೀಳುವುದು, ಹೊಟ್ಟೆ ಸೀಳಿ ಒಳಗಿನ ಕಪ್ಪು ಪರೆಯನ್ನು ಬೆರಳಿಂದ ಉಜ್ಜಿ ತೆಗೆಯುವುದು, ಉಪ್ಪು ಹಾಕಿ ಎರಡು ನೀರಲ್ಲಿ ತೊಳೆಯುವುದು, ಇದೆಲ್ಲ ಅಡುಗೆಯ ಅರ್ಧಕ್ಕಿಂತ ಹೆಚ್ಚು. ಹೊಸಬರು ಹೆದರುವುದೂ ಇದಕ್ಕೇ. ಅವರಿಗಾಗಿಯೇ ಬರೆದ ಬರಹ ಈ ಭಾಗವನ್ನೇ ವಿಶೇಷಣ ಮಾಡಿ ಮೂಲೆಗೆ ಕೂರಿಸುತ್ತದೆ.

ಅಡುಗೆ ಬರಹವನ್ನು ಹೀಗೆ ಸಾಹಿತ್ಯಪಠ್ಯದಂತೆ ಓದುವುದು ಅತಿಯಾಯಿತು ಎನ್ನುವವರಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಬರೆದ ಮಾತನ್ನು ಓದಿ ಓದುಗರು ಕೈಯಾರೆ ಏನನ್ನಾದರೂ ಮಾಡಲೇಬೇಕಾದ ಪ್ರಕಾರಗಳು ನಮ್ಮಲ್ಲಿ ಬಹಳಿಲ್ಲ. ಕವಿತೆ ಅರ್ಥವಾಗದಿದ್ದರೆ ಇನ್ನೊಮ್ಮೆ ಓದಬಹುದು. ಇಲ್ಲಿ ಅರ್ಥವಾಗದಿದ್ದರೆ ಮೀನು ಕಾವಲಿಗೆ ಅಂಟಿಕೊಳ್ಳುತ್ತದೆ. ನನ್ನದು ಅಂಟಿಕೊಂಡಿತು. ಚರ್ಮ ಕಾವಲಿಯಲ್ಲಿ ಉಳಿಯಿತು, ಮಾಂಸ ಸೌಟಿನಲ್ಲಿ ಬಂತು, ಮುಳ್ಳು ಎರಡರ ಮಧ್ಯೆ ಎಲ್ಲೋ ಇತ್ತು.

ಆಮೇಲೆ ನಾನು ಈ ಬಗೆಯ ಬರಹಗಳನ್ನು ಹುಡುಕಿ ಹುಡುಕಿ ಓದತೊಡಗಿದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಬರೆಯಬೇಕಾದ ಅಧ್ಯಾಯ ಬಿಟ್ಟು ಬೇರೆಲ್ಲವನ್ನೂ ಓದುವ ಚಟ ಇರುತ್ತದಲ್ಲ. ಓದುತ್ತ ಹೋದಂತೆ ಕಂಡದ್ದು ಇಷ್ಟು: ಓದುಗರು ಹೇಗೋ ನಿಭಾಯಿಸಬಲ್ಲ ಜಾಗದಲ್ಲಿ ಈ ಬರಹಗಳು ದಟ್ಟವಾಗಿರುತ್ತವೆ, ಅವರು ಎಡವುವ ಜಾಗದಲ್ಲಿ ಖಾಲಿ. ಮಸಾಲೆಗೆ ಎಂಟು ಸಾಲು. ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಕೊತ್ತಂಬರಿ ಬೀಜ ಎಷ್ಟು, ಮೆಂತ್ಯ ಎಷ್ಟು ಎಂಬ ಲೆಕ್ಕವೆಲ್ಲ ಇದೆ. ಮಸಾಲೆ ಸ್ವಲ್ಪ ಏರುಪೇರಾದರೆ ಊಟವೇನೂ ಕೆಡುವುದಿಲ್ಲ. ಯಾವ ಮೀನು ಕೊಳ್ಳಬೇಕು, ತಾಜಾ ಹೌದೋ ಅಲ್ಲವೋ ಎಂದು ಹೇಗೆ ತಿಳಿಯಬೇಕು, ಯಾವಾಗ ಮಗುಚಬೇಕು, ಯಾವಾಗ ಒಲೆ ಆರಿಸಬೇಕು ಎಂಬಲ್ಲಿ 'ಹದವಾಗಿ ಬೇಯಿಸಿ' ಎಂದು ಮುಗಿಸುತ್ತಾರೆ. ಹದ ತುಂಬ ಒಳ್ಳೆಯ ಪದ. ಮಣ್ಣಿಗೂ ಹದ, ಮಾತಿಗೂ ಹದ, ಪಾಕಕ್ಕೂ ಹದ. ಆದರೆ ಹದ ಗೊತ್ತಿದ್ದವರಿಗೆ ಮಾತ್ರ ಆ ಪದ ಏನನ್ನಾದರೂ ಹೇಳುತ್ತದೆ. ಗೊತ್ತಿಲ್ಲದವರಿಗೆ ಅದು ಬೀಗ ಹಾಕಿದ ಬಾಗಿಲು.

ಇಲ್ಲಿ ಒಂದು ಹಳೆಯ ಪುಸ್ತಕ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆ. ಆನೆ, ರತ್ನ, ಸಂಗೀತ, ಚಿತ್ರ, ಊಟ ಎಲ್ಲವೂ ಅದರಲ್ಲಿ ಬರುತ್ತವೆ. ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯವಿದೆ. ಅದರಲ್ಲಿ ಕಡಲಿನ ಮತ್ತು ಹೊಳೆಯ ಮೀನುಗಳ ಬಗೆಗಳು, ಅವುಗಳ ಮೇವು, ಗಾಳದ ಕ್ರಮ ಬರುತ್ತವೆ. ಸಮುದ್ರದಿಂದ ಅಷ್ಟು ದೂರ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ರಾಜಧಾನಿ ಇಟ್ಟುಕೊಂಡವನ ಮೀನಿನ ಆಸಕ್ತಿ ಇದು. ಊಟದ ಭಾಗದಲ್ಲಿ ಅವನು ಹೇಳುವ ಒಂದು ಮೀನಡುಗೆಯ ಸಾರಾಂಶ ಹೀಗಿದೆ. ಮೀನನ್ನು ತುಂಡು ಮಾಡಿ ಚೆನ್ನಾಗಿ ತೊಳೆಯಬೇಕು. ಹುಣಸೆರಸದಲ್ಲಿ ಬೇಯಿಸಬೇಕು. ಮೇಲೆ ಗೋಧಿಹಿಟ್ಟು ಉದುರಿಸಿ ಕಾದ ಎಣ್ಣೆಯಲ್ಲಿ ಕೆಂಪಗಾಗುವವರೆಗೆ ಕರಿಯಬೇಕು. ಸೈಂಧವ ಉಪ್ಪು, ಏಲಕ್ಕಿ, ಕಾಳುಮೆಣಸಿನ ಪುಡಿ ಹಾಕಬೇಕು. ಮೆಣಸಿನಕಾಯಿ ಇನ್ನೂ ಈ ನೆಲಕ್ಕೆ ಬಂದಿರಲಿಲ್ಲ, ಹಾಗಾಗಿ ಖಾರಕ್ಕೆ ಕಾಳುಮೆಣಸು.

ನನಗೆ ಇದರಲ್ಲಿ ಹಿಡಿಸುವುದು ಅನುಕ್ರಮ. ತುಂಡು ಮಾಡುವುದು, ತೊಳೆಯುವುದು ಇಲ್ಲಿ ಕ್ರಿಯಾಪದಗಳಾಗಿಯೇ ಉಳಿದಿವೆ. ಅರಸ ತನ್ನ ಕೈಯಿಂದ ಮೀನು ತೊಳೆದಿರಲಾರ, ಅರಮನೆಯಲ್ಲಿ ಅದಕ್ಕೆ ಆಳುಗಳಿದ್ದರು. ಆದರೂ ಅವನ ಪಠ್ಯ ಆ ಕೆಲಸವನ್ನು ಪಟ್ಟಿಯಿಂದ ಹೊರಗಿಡಲಿಲ್ಲ. ಹುಳಿ ಮೊದಲು, ಹಿಟ್ಟು ಆಮೇಲೆ, ಎಣ್ಣೆ ಕಾದ ಮೇಲೆ ಮೀನು. ಇವತ್ತು ಮಂಗಳೂರಿನ ಹೋಟೆಲಿನಲ್ಲಿ ಸಿಗುವ ರವಾ ಫ್ರೈಗೂ ಇದಕ್ಕೂ ನಡುವೆ ಮೆಣಸಿನಕಾಯಿ ಬಿಟ್ಟರೆ ದೊಡ್ಡ ಅಂತರವಿಲ್ಲ. ಹೊಸಬರಿಗೆ ಯಾವುದು ಸುಲಭ ಎಂದು ಯಾರಾದರೂ ಕೇಳಿದರೆ ನಾನು ಈ ಅರಸನ ವಿಧಾನವನ್ನೇ ತೋರಿಸುತ್ತೇನೆ, ಏಲಕ್ಕಿಯೊಂದನ್ನು ಬಿಟ್ಟು.

ಇನ್ನೊಂದೆಡೆ, ಕನ್ನಡದಲ್ಲೇ ಬರೆದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯ ಶತಮಾನದ ಆರಂಭದ್ದು. ಅವನು ಜೈನ ಕವಿ, ಪುಸ್ತಕ ಪೂರ್ತಿ ಸಸ್ಯಾಹಾರ. ಅದನ್ನು ಅವನ ದೋಷವೆನ್ನಲಾಗದು. ಬದನೆಕಾಯಿಯ ಬಗ್ಗೆ ಅವನಿಗಿರುವ ಪ್ರೀತಿ ನೋಡಿದರೆ ಜಗಳ ಆಡಲು ಮನಸ್ಸೂ ಬರುವುದಿಲ್ಲ. ಆದರೆ ಕನ್ನಡದ ಅಡುಗೆ ಬರಹದ ಚರಿತ್ರೆ ಹೇಳುವಾಗ ನಾವು ಮಂಗರಸನನ್ನು ಮುಂದಿಟ್ಟುಕೊಂಡು ಮಾತಾಡುತ್ತೇವೆ, ಮೀನು ಬೇಯಿಸುವ ಮನೆಗಳ ತಿಳಿವಳಿಕೆ ಬಾಯಿಮಾತಿನಲ್ಲೇ ಉಳಿದದ್ದನ್ನು ಮರೆಯುತ್ತೇವೆ. ಆ ಬಾಯಿಮಾತೂ ಬಹುಮಟ್ಟಿಗೆ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡದ್ದು. ಅದು ಬರಹದ ಕನ್ನಡಕ್ಕೆ ಬರುವಾಗ ಹೊಸ್ತಿಲಲ್ಲಿ ಏನೇನನ್ನೋ ಕಳಚಿಟ್ಟು ಬರುತ್ತದೆ.

ಮೀನಿನ ಹೆಸರನ್ನೇ ತೆಗೆದುಕೊಳ್ಳಿ. ತುಳುವಿನ ಬೂತಾಯಿ ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಕೇರಳದವರಿಗೆ ಮತ್ತಿ. ಮಂಗಳೂರಿನ ಅಂಜಲ್ ಕಾರವಾರದ ಕಡೆ ಇಸ್ವಾಣ, ಚೆನ್ನೈಯಲ್ಲಿ ವಂಜರಂ, ಮುಂಬಯಿಯಲ್ಲಿ ಸುರ್ಮಾಯಿ. ಬೆಂಗಳೂರಿನ ಒಂದೇ ಅಂಗಡಿಯಲ್ಲಿ ಈ ಹೆಸರುಗಳಲ್ಲಿ ಯಾವುದು ಬೇಕಾದರೂ ಫಲಕದ ಮೇಲೆ ಇರಬಹುದು. ಬರಹ ಮಾತ್ರ 'ಯಾವುದಾದರೂ ಮೀನು' ಎನ್ನುತ್ತದೆ. ಯಾವುದಾದರೂ ಮೀನು ಎಂಬ ಮೀನು ಯಾವ ಕಡಲಲ್ಲೂ ಇಲ್ಲ. ಕಾಣೆ ಮೆದು, ಕೈ ತಪ್ಪಿದರೆ ಪುಡಿಯಾಗುತ್ತದೆ. ಅಂಜಲ್ ದಪ್ಪ ತುಂಡು, ಕೊಬ್ಬು ಹದ, ಆದರೆ ಬೆಲೆ ಕೇಳಿದರೆ ವಿದ್ಯಾರ್ಥಿವೇತನ ಬೆಚ್ಚುತ್ತದೆ, ಹೆಚ್ಚು ಬೆಂದರೆ ಒಣಗಿ ನಾರಾಗುತ್ತದೆ. ಕಲಿಯುವವರಿಗೆ ಮುಳ್ಳಿಲ್ಲದ ಬಿಳಿ ತುಂಡುಗಳೇ ಒಳ್ಳೆಯದೆಂದು ಹೊಸ ಬರಹಗಳು ಶಿಫಾರಸು ಮಾಡುತ್ತವೆ. ನನ್ನ ಅಭಿಪ್ರಾಯ ಉಲ್ಟಾ. ಬಂಗುಡೆ, ಬೂತಾಯಿಗಳ ಮೈಯಲ್ಲೇ ಎಣ್ಣೆ ಇರುತ್ತದೆ. ಎರಡು ನಿಮಿಷ ಹೆಚ್ಚಾದರೂ ಅವು ಒಣಗಿಹೋಗುವುದಿಲ್ಲ, ಕಲಿಯುವವರ ತಪ್ಪನ್ನು ಕ್ಷಮಿಸುತ್ತವೆ. ಮುಳ್ಳಿದೆ ನಿಜ. ಬಂಗುಡೆಯದು ನಡುಮುಳ್ಳು ಮುಖ್ಯ, ಬೆಂದ ಮೇಲೆ ಇಡಿಯಾಗಿ ಎದ್ದು ಬರುತ್ತದೆ.

ಹದದ ವಿಷಯಕ್ಕೆ ಮರಳಿ ಬರುತ್ತೇನೆ. 'ಮಸಾಲೆ ಕುದಿದ ಮೇಲೆ ಮೀನು ಹಾಕಿ' ಎಂಬ ಒಂದು ಸಾಲು ಎಲ್ಲ ಬರಹಗಳಲ್ಲೂ ಇರುತ್ತದೆ, ಕಾರಣ ಮಾತ್ರ ಎಲ್ಲೂ ಇರುವುದಿಲ್ಲ. ಕಾರಣ ಗೊತ್ತಿಲ್ಲದ ನಾನು ಸಮಯ ಉಳಿಸಲೆಂದು ಒಮ್ಮೆ ತಣ್ಣಗಿನ ಮಸಾಲೆಗೇ ಮೀನು ಹಾಕಿ ಒಲೆ ಹಚ್ಚಿದೆ. ಮಸಾಲೆಯ ಹಸಿವಾಸನೆ ಹೋಗುವಷ್ಟರಲ್ಲಿ ಮೀನು ಸಾರಿನಲ್ಲಿ ಕರಗಿತ್ತು. ಕೋಳಿ, ಕುರಿಯ ಮಾಂಸದ ಎಳೆಗಳು ಉದ್ದ, ಅವುಗಳನ್ನು ಹಿಡಿದಿಟ್ಟ ಅಂಟುಪದರ ಗಟ್ಟಿ. ಮೀನಿನ ಎಳೆಗಳು ಗಿಡ್ಡ, ನಡುವಿನ ಪದರ ತೆಳು, ಸ್ವಲ್ಪ ಬಿಸಿಗೇ ಸಡಿಲವಾಗುತ್ತದೆ. ಹಾಗಾಗಿ ಬೇಯಲು ಸಮಯ ಬೇಕಾಗಿರುವುದು ಮಸಾಲೆಗೆ. ಮೀನಿಗೆ ಕುದಿಯುವ ಸಾರಿನಲ್ಲಿ ಆರೇಳು ನಿಮಿಷ ಸಾಕು. ಸೌಟು ಹಾಕಿ ಕಲಕಬಾರದು, ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ತಿರುಗಿಸಬೇಕು. ಈ ಒಂದು ವಾಕ್ಯ ಅಚ್ಚಾಗಿದ್ದಿದ್ದರೆ ನನ್ನ ಅರ್ಧ ಕೆ.ಜಿ. ಉಳಿಯುತ್ತಿತ್ತು.

ಹುಳಿಯದೂ ಹೀಗೆಯೇ. ಹುಣಸೆ, ಪುನರ್ಪುಳಿ, ಬಿಂಬುಳಿ, ನಿಂಬೆ ಹೀಗೆ ಊರಿಗೊಂದು ಹುಳಿ. ಬರಹಗಳು ಇದನ್ನು ರುಚಿಯ ಖಾತೆಗೆ ಹಾಕುತ್ತವೆ. ಆದರೆ ಕಡಲಮೀನು ಸತ್ತ ಮೇಲೆ ಅದರಲ್ಲಿ ಟ್ರೈಮಿಥೈಲಮೈನ್ ಎಂಬ ವಸ್ತು ಹುಟ್ಟುತ್ತದೆ, ನಾವು ಮೀನು ನಾತ ಎನ್ನುವುದು ಅದನ್ನೇ. ಹುಳಿ ತಾಗಿದರೆ ಅದು ಗಾಳಿಗೆ ಏಳುವುದು ಕಡಿಮೆಯಾಗುತ್ತದೆ. ಕೆರೆಮೀನಿನ ಕೆಸರುವಾಸನೆಯ ಜಿಯೋಸ್ಮಿನ್ ಕೂಡ ಹುಳಿಯಲ್ಲಿ ಒಡೆಯುತ್ತದೆ. ಸೋಮೇಶ್ವರನ ಹುಣಸೆರಸದ ಹಿಂದೆ ಈ ಅನುಭವ ಇದ್ದಿರಬೇಕು ಎಂದು ನನ್ನ ಊಹೆ.

ಹೊಸಬರಿಗೆ ನಿಜಕ್ಕೂ ಮೊದಲು ಹೇಳಿಕೊಡಬೇಕಾದ ಸಾರು ಗಸಿಯಲ್ಲ, ಪುಳಿಮುಂಚಿ. ಹೆಸರಲ್ಲೇ ಅಡುಗೆ ಇದೆ: ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ತೆಂಗಿನಕಾಯಿ ತುರಿಯಬೇಕಿಲ್ಲ, ಹಾಲು ಹಿಂಡಬೇಕಿಲ್ಲ. ಹುರಿದ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ, ಜೀರಿಗೆ, ಮೆಂತ್ಯ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಅರೆದು, ಶುಂಠಿ, ಈರುಳ್ಳಿ ಹಾಕಿ ಚೆನ್ನಾಗಿ ಕುದಿಸಿ, ಕೊನೆಗೆ ಬೂತಾಯಿ ಬಿಟ್ಟರೆ ಮುಗಿಯಿತು. ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು ರುಚಿ. ಒಬ್ಬರೇ ಇರುವವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೇ? ಆದರೂ ಬಹಳಷ್ಟು ಬರಹಗಳು ತೆಂಗಿನಕಾಯಿ ಗಸಿಯಿಂದಲೇ ಶುರು ಮಾಡುತ್ತವೆ. ಫೋಟೋದಲ್ಲಿ ಅದು ಚಂದ ಕಾಣುತ್ತದೆ ಎಂಬುದು ಬಿಟ್ಟರೆ ನನಗೆ ಬೇರೆ ಕಾರಣ ಹೊಳೆಯಲಿಲ್ಲ.

ಈ ಬರಹಗಳು ಹೇಳದೆ ಬಿಡುವ ಇನ್ನೊಂದು ಸಂಗತಿ ಅಡುಗೆಮನೆಯ ಹೊರಗಿನದು. ನಮ್ಮ ನಗರಗಳಲ್ಲಿ ಮನೆ ಬಾಡಿಗೆಗೆ ಹುಡುಕುವಾಗ ಜಾತಿಯನ್ನು ನೇರವಾಗಿ ಕೇಳುವುದು ಈಗ ಕಡಿಮೆ, 'ನೀವು ವೆಜ್ಜಾ?' ಎಂದು ಕೇಳಿದರೆ ಸಾಕಾಗುತ್ತದೆ. ನಾನಿದ್ದ ಮನೆಯಲ್ಲಿ ಮೊಟ್ಟೆಗೆ ಅಭ್ಯಂತರವಿರಲಿಲ್ಲ, ಕೋಳಿಗೆ ಮೌನವಿತ್ತು. ಮೀನು ಹುರಿದ ಮರುದಿನ ಮಾಲೀಕರು ಮೆಟ್ಟಿಲಲ್ಲಿ ನಿಲ್ಲಿಸಿ, 'ಏನಮ್ಮಾ, ನಿನ್ನೆ ಚರಂಡಿ ಕಟ್ಟಿಕೊಂಡಿತ್ತಾ?' ಎಂದು ಕೇಳಿದರು. ಕೇಳಿದ್ದು ಸಭ್ಯವಾಗಿಯೇ. ನಾನೂ ಸಭ್ಯವಾಗಿ ಹೌದು ಎಂದೆ. ಆಮೇಲೆ ಎಷ್ಟೋ ದಿನ ಆ 'ಹೌದು' ನನ್ನನ್ನು ಕಾಡಿತು. ಮೀನಡುಗೆಯ ಬರಹಗಳ ಕೊನೆಯಲ್ಲಿ 'ಬಿಸಿ ಅನ್ನದೊಂದಿಗೆ ಸವಿಯಿರಿ' ಎಂದಿರುತ್ತದೆ. ಕಿಟಕಿ ಯಾವ ದಿಕ್ಕಿಗಿದೆ, ಕರುಳು ಕಿವಿರನ್ನು ಎಲ್ಲಿ ಎಸೆಯಬೇಕು, ವಾಸನೆ ಮೆಟ್ಟಿಲು ಇಳಿಯದಂತೆ ಏನು ಮಾಡಬೇಕು ಎಂಬುದು ಎಲ್ಲೂ ಇರುವುದಿಲ್ಲ. ಆ ಬರಹಗಳ ಕಲ್ಪನೆಯಲ್ಲಿರುವ ಓದುಗರಿಗೆ ಸ್ವಂತ ಮನೆಯಿದೆ, ಮನೆಯಲ್ಲಿ ತೊಳೆದುಕೊಡುವವರಿದ್ದಾರೆ, ಅಕ್ಕಪಕ್ಕದವರೂ ಮೀನು ತಿನ್ನುತ್ತಾರೆ. ಅಂಥವರು ಈ ಬರಹ ಹುಡುಕಿಕೊಂಡು ಯಾಕೆ ಬರುತ್ತಾರೆ?

ಇತ್ತೀಚೆಗೆ ಕರಾವಳಿಯ ಹುಡುಗಿಯೊಬ್ಬಳು ನಮ್ಮ ವಿಭಾಗಕ್ಕೆ ಸೇರಿದಳು. ಮನೆಯಲ್ಲಿ ದಿನಾ ಮೀನಿದ್ದರೂ ಒಮ್ಮೆಯೂ ತಾನೇ ಮಾಡಿದವಳಲ್ಲ. 'ಅಕ್ಕಾ, ಸುಲಭದ್ದು ಯಾವುದಾದ್ರೂ ಹೇಳಿ, ಬರೆದುಕೊಳ್ತೇನೆ' ಎಂದಳು. ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಮೊಟ್ಟೆಯಿಡುವ ಕಾಲ. ಆಗ ಅಂಗಡಿಯಲ್ಲಿರುವುದು ಬಹುಪಾಲು ದೂರದಿಂದ ಮಂಜುಗಡ್ಡೆಯಲ್ಲಿ ಬಂದದ್ದು, ಇಲ್ಲವೇ ಕೆರೆಯ ಕಾಟ್ಲಾ, ರೋಹು. ಇಬ್ಬರೂ ಅಂಗಡಿಗೆ ಹೋದೆವು. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಎತ್ತಿದರೆ ಕೆಂಪಗಿರಬೇಕು, ಬೆರಳಿಂದ ಒತ್ತಿದ ಗುಳಿ ಮತ್ತೆ ಮೇಲೆ ಬರಬೇಕು ಎಂದು ತೋರಿಸಿದೆ. ಬಂಗುಡೆ ಆ ಪರೀಕ್ಷೆಯಲ್ಲಿ ಫೇಲಾಯಿತು. ಬಹಳ ಹೊತ್ತು ಹೊರಗಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಸೇರಿಕೊಂಡಿದ್ದರೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಹಾಗಾಗಿ ರೋಹು ತಂದೆವು. ಅಂಗಡಿಯಾತ ತುಂಡು ಮಾಡಿಕೊಟ್ಟ. ತೊಳೆದದ್ದು ನಾವು, ಉಪ್ಪು ಹುಣಸೆ ಹಚ್ಚಿ, ಮೂರು ನೀರಲ್ಲಿ.

ಅವಳು ಪುಸ್ತಕ ತೆಗೆದು ಬರೆಯತೊಡಗಿದಳು. ಮೊದಲ ಸಾಲು 'ತೊಳೆದ ಮೀನು' ಎಂದು ಬರೆದು, ನನ್ನ ಮುಖ ನೋಡಿ, ಹೊಡೆದುಹಾಕಿದಳು. ತುಂಡುಗಳನ್ನು ಬಟ್ಟೆಯಿಂದ ಒತ್ತಿ ನೀರು ಒರೆಸಿದೆವು, ಖಾರ ಉಪ್ಪು ಅರಿಶಿನ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟೆವು, ರವೆಯಲ್ಲಿ ಹೊರಳಿಸಿ ಕಾದ ಎಣ್ಣೆಗೆ ಇಳಿಸಿದೆವು. ಒಂದು ನಿಮಿಷವಾಗುವಷ್ಟರಲ್ಲಿ ಅವಳು ಸೌಟು ಎತ್ತಿದಳು. ಈಗಲೇ ಬೇಡ, ಕೆಳಗಡೆ ಗರಿಯಾದ ಮೇಲೆ ಅದೇ ಕಾವಲಿ ಬಿಡುತ್ತದೆ, ಅಲ್ಲಿವರೆಗೆ ಮುಟ್ಟಬೇಡ ಎಂದೆ.

'ಎಷ್ಟು ನಿಮಿಷ ಅಂತ ಬರೀಲಿ ಅಕ್ಕಾ?'

ನಾಲ್ಕು ಎಂದೆ. ಆಮೇಲೆ, ತಟ್ಟಿ ನೋಡು, ಜಾರಿದರೆ ಆಯಿತು ಎಂದು ಬರೆಯಲು ಹೇಳಿದೆ. ಕಿಟಕಿ ತೆರೆದೇ ಇತ್ತು.