ಹಳೆಯ ಸೈಕಲ್ಲಿನ ಹೊಸ ಪಾಠ

ಹಳೆಯ ಕೃತಿಯೊಂದು ಕೈಗೆ ಬಂದಾಗ ಅದನ್ನು ಇದ್ದಂತೆಯೇ ಉಳಿಸಬೇಕೆ, ಇಂದಿನವರ ಬಳಕೆಗೆ ಒಗ್ಗುವಂತೆ ತಿದ್ದಬಹುದೆ, ತಿದ್ದಿದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆ ನಮ್ಮಂಥ ಕನ್ನಡ ಮೇಷ್ಟರುಗಳಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠವನ್ನು ನಿರ್ಣಯಿಸುವವರು ನಿತ್ಯವೂ ಎದುರಿಸುವ ಪ್ರಶ್ನೆ ಇದು. ಅದೇ ಪ್ರಶ್ನೆ ಈಗ ಸೈಕಲ್ಲಿನ ಲೋಕದಲ್ಲಿ ಎದ್ದಿದೆ. ೧೯೬೦ರಿಂದ ೧೯೮೫ರವರೆಗೆ ಫ್ರಾನ್ಸ್, ಇಟಲಿ, ಇಂಗ್ಲೆಂಡುಗಳಲ್ಲಿ ತಯಾರಾದ ಉಕ್ಕಿನ ರಸ್ತೆ ಪಂದ್ಯದ ಸೈಕಲ್ಲುಗಳನ್ನು ಅಟ್ಟದಿಂದ ಇಳಿಸಿ, ಅವುಗಳಿಗೆ ಇಂದಿನ ಗೇರು, ಇಂದಿನ ಶಿಫ್ಟರು, ಇಂದಿನ ಗಾಲಿಗಳನ್ನು ತೊಡಿಸುವ ಹವ್ಯಾಸ ಹೊರದೇಶಗಳಲ್ಲಿ ಬೆಳೆದಿದೆ. ಬೆಂಗಳೂರಿನಲ್ಲಿಯೂ ಒಬ್ಬಿಬ್ಬರು ಇದರ ಬೆನ್ನು ಹತ್ತಿದ್ದಾರೆ. ಸೈಕಲ್ಲಿಗೂ ವಿಮರ್ಶೆಯೇ ಎಂದು ವಾಚಕರು ನಗಬಹುದು. ರೂಪದ ಮೇಲೂ ಪ್ರಯೋಜನದ ಮೇಲೂ ಏಕಕಾಲಕ್ಕೆ ಕಣ್ಣಿಟ್ಟು ಮನುಷ್ಯ ಮಾಡಿದ ಯಾವ ವಸ್ತುವೂ ವಿಮರ್ಶೆಗೆ ಹೊರತಲ್ಲವೆಂದು ನಾನು ನಂಬಿದ್ದೇನೆ. ಅಷ್ಟಲ್ಲದೆ, ಇಲ್ಲಿ ತಪ್ಪು ತಿದ್ದುಪಡಿ ಮಾಡಿದವನು ಇಳಿಜಾರಿನಲ್ಲಿ ಬೀಳುತ್ತಾನೆ. ನಮ್ಮಲ್ಲಿ ಆ ಭಯವಿಲ್ಲ.

ನಮಗೆಲ್ಲ ಪರಿಚಿತವಾದ ಸೈಕಲ್ಲು ಕಂಬಿಯ ಬ್ರೇಕು, ದಪ್ಪ ಕ್ಯಾರಿಯರು, ಒಂದೇ ಗೇರಿನ ಸಾಧು ಪ್ರಾಣಿ. ರಸ್ತೆ ಪಂದ್ಯದ ಸೈಕಲ್ಲು ಬೇರೆ ಜಾತಿಯದು. ಅದರ ಜೀವಾಳವಿರುವುದು ಚೌಕಟ್ಟಿನಲ್ಲಿ. ಇಂಗ್ಲೆಂಡಿನ ರೇನಾಲ್ಡ್ಸ್ ಕಂಪೆನಿ ೧೯೩೫ರಲ್ಲಿ ಹೊರತಂದ ‘೫೩೧’ ಎಂಬ ಮ್ಯಾಂಗನೀಸ್–ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳು ತುದಿಗಳಲ್ಲಿ ದಪ್ಪ, ನಡುವೆ ತೆಳು. ಆ ಕೊಳವೆಗಳನ್ನು ಕುಸುರಿ ಮಾಡಿದ ಜೋಡುಬಳೆಗಳಲ್ಲಿ ಕೂಡಿಸಿ ಹಿತ್ತಾಳೆಯಿಂದಲೋ ಬೆಳ್ಳಿಯಿಂದಲೋ ಬೆಸೆಯುತ್ತಿದ್ದರು. ಗೇರು ಬದಲಿಸುವ ಎರಡು ಪುಟ್ಟ ಲಿವರುಗಳು ಹ್ಯಾಂಡಲಿನ ಮೇಲಿರಲಿಲ್ಲ. ಮುಂದಿನಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಕೆಳಗಿನ ಕೊಳವೆಯ ಮೇಲಿದ್ದವು. ಆ ಲಿವರಿಗೆ ಗುರುತುಗಳಿಲ್ಲ, ಮನೆಗಳಿಲ್ಲ. ತಿರುಪಿನ ಬಿಗಿಯಿಂದಾಗುವ ಘರ್ಷಣೆಯೊಂದೇ ಅದನ್ನು ಇಟ್ಟಲ್ಲಿ ನಿಲ್ಲಿಸುವುದು. ಸವಾರನು ಒಂದು ಕೈಯನ್ನು ಹ್ಯಾಂಡಲಿನಿಂದ ತೆಗೆದು, ಕೆಳಕ್ಕೆ ಚಾಚಿ, ಲಿವರನ್ನು ಸ್ವಲ್ಪ ಎಳೆಯಬೇಕು. ಚೈನು ಗರಗರ ಎನ್ನುತ್ತದೆ. ಇನ್ನೊಂದು ಕೂದಲೆಳೆಯಷ್ಟು ಸರಿಸಿದರೆ ಸದ್ದಡಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಕಿವಿ. ತಂಬೂರಿಯ ಬಿರಡೆ ತಿರುಗಿಸಿ ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಜಪಾನಿನ ಶಿಮಾನೋ ಕಂಪೆನಿ ೧೯೮೪ರಲ್ಲಿ ಆ ಲಿವರಿನೊಳಗೆ ಮನೆಗಳನ್ನು ಮಾಡಿತು: ಒಂದು ಟಕ್ಕಿಗೆ ಒಂದು ಹಲ್ಲುಚಕ್ರ. ೧೯೯೦ರಲ್ಲಿ ಲಿವರನ್ನೇ ಬ್ರೇಕಿನ ಹಿಡಿಯೊಳಕ್ಕೆ ಸೇರಿಸಿತು. ಇಟಲಿಯ ಕಂಪಾನ್ಯೋಲೋ ೧೯೯೨ರಲ್ಲಿ ತನ್ನದೇ ರೀತಿಯಲ್ಲಿ ಅದೇ ಕೆಲಸ ಮಾಡಿತು. ಅಂದಿನಿಂದ ಸವಾರನು ಹ್ಯಾಂಡಲಿನಿಂದ ಕೈ ಎತ್ತಬೇಕಾದ ಕಾರಣವಿಲ್ಲ. ಕಿವಿಗೊಡಬೇಕಾದ ಕಾರಣವೂ ಇಲ್ಲ. ಸಾಮಾನ್ಯವಾಗಿ ‘ಅಪ್‌ಗ್ರೇಡ್’ ಎಂದು ಜನ ಹೇಳುವಾಗ ಸೀಟು ಬದಲಿಸುವುದು, ಟೈರು ಬದಲಿಸುವುದು, ಶಿಫ್ಟರು ಬದಲಿಸುವುದು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತಾರೆ. ಇದು ಸರಿಯಲ್ಲವೆಂಬುದೇ ನನ್ನ ಮುಖ್ಯವಾದ ತಕರಾರು. ಟೈರು ಬದಲಾದರೆ ಸೈಕಲ್ಲಿನ ಓಟ ಬದಲಾಗುತ್ತದೆ. ಶಿಫ್ಟರು ಬದಲಾದರೆ ಸೈಕಲ್ಲಿಗೂ ಸವಾರನಿಗೂ ಇರುವ ಸಂಬಂಧವೇ ಬದಲಾಗುತ್ತದೆ. ಸವಾರನ ಕೈಯಲ್ಲಿದ್ದ ನಿರ್ಣಯ ಯಂತ್ರದ ಹೊಟ್ಟೆಗೆ ಹೋಗುತ್ತದೆ. ಒಂದು ಅಕ್ಷರಸ್ಖಾಲಿತ್ಯವನ್ನು ತಿದ್ದುವುದಕ್ಕೂ ಕಾವ್ಯದ ಛಂದಸ್ಸನ್ನು ಬದಲಿಸುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ.

ಹಾಗೆಂದ ಮಾತ್ರಕ್ಕೆ ಬದಲಿಸುವವರೆಲ್ಲ ಪಾಷಂಡಿಗಳೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಒಂದು ಪಂಗಡವೇ ಇದೆ, ಅದರ ವಂಶಾವಳಿಯೂ ದೊಡ್ಡದು. ಟೂರ್ ದ ಫ್ರಾನ್ಸ್ ಪಂದ್ಯವನ್ನು ೧೯೦೩ರಲ್ಲಿ ಆರಂಭಿಸಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್ ಗೇರುಗಳ ಕಡುವೈರಿ. ಗೇರಿನ ಸೈಕಲ್ಲು ನಲವತ್ತೈದು ದಾಟಿದವರಿಗೆ ತಕ್ಕದ್ದೆಂಬ ಅಭಿಪ್ರಾಯವನ್ನು ಆತ ೧೯೦೨ರಲ್ಲೇ ಬರೆದಿದ್ದ. (ಆ ಗೆರೆಯ ಆಸುಪಾಸಿನಲ್ಲಿರುವ ನನಗೆ ಈ ಮಾತು ಸ್ವಲ್ಪ ತಾಗಿತು.) ಆಲ್ಪ್ಸ್, ಪಿರೆನೀಸ್ ಪರ್ವತಗಳನ್ನು ಹತ್ತುವ ಪಂದ್ಯಾಳುಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿ, ಆ ಮಗ್ಗುಲಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಸಿಕ್ಕಿಸಿಕೊಂಡು ಮುಂದೆ ಹೋಗಬೇಕಾಗಿತ್ತು. ಡಿರೈಲರಿಗೆ ಆ ಪಂದ್ಯದಲ್ಲಿ ಎಲ್ಲರಿಗೂ ಅನುಮತಿ ದೊರೆತದ್ದು ೧೯೩೭ರಲ್ಲಿ. ಇತ್ತ ಸೇಂತ್–ಎತಿಯೆನ್ ಊರಿನಲ್ಲಿ ಪಾಲ್ ದ ವಿವಿ, ಎಂದರೆ ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಪುಣ್ಯಾತ್ಮ, ತನ್ನ ಪತ್ರಿಕೆಯಲ್ಲಿ ಗೇರುಗಳ ಪರವಾಗಿ ದಶಕಗಳ ಕಾಲ ವಾದಿಸಿ ೧೯೩೦ರಲ್ಲಿ ತೀರಿಕೊಂಡ. ಆ ಅನುಮತಿಯನ್ನು ಕಣ್ಣಾರೆ ಕಾಣಲಿಲ್ಲ.

ಇಂದು ಶುದ್ಧತಾವಾದಿಗಳು ಕಣ್ಣಿಗೊತ್ತಿಕೊಳ್ಳುವ ಕಂಪಾನ್ಯೋಲೋ ಭಾಗಗಳ ಕಥೆಯಾದರೂ ಏನು? ತುಲಿಯೊ ಕಂಪಾನ್ಯೋಲೋ ಪಂದ್ಯಾಳುವಾಗಿದ್ದವನು. ೧೯೨೭ರ ಚಳಿಯಲ್ಲಿ ಕ್ರೋಚೆ ದಾವುನೆ ಘಟ್ಟದ ಮೇಲೆ ಗಾಲಿಯ ಚಿಟ್ಟೆನಟ್ಟನ್ನು ಮರಗಟ್ಟಿದ ಬೆರಳಿನಿಂದ ಬಿಚ್ಚಲಾರದೆ ಹೋದನೆಂಬ ಐತಿಹ್ಯವಿದೆ. ಅದು ನಿಜವೋ ಕಟ್ಟುಕಥೆಯೋ, ಒಂದು ಲಿವರು ತಿರುಗಿಸಿದರೆ ಗಾಲಿ ಕಳಚುವ ಉಪಾಯಕ್ಕೆ ಅವನ ಹೆಸರು ಅಂಟಿಕೊಂಡದ್ದು ನಿಜ. ತನ್ನ ಕಾಲದ ಸೈಕಲ್ಲನ್ನು ಇದ್ದಂತೆ ಇಡಲು ಒಪ್ಪದವನು ಮಾಡಿದ ವಸ್ತುವನ್ನು ಇದ್ದಂತೆಯೇ ಇಡಬೇಕೆಂಬುದು ಯಾವ ನ್ಯಾಯ?

ಇಟಲಿಯ ತಸ್ಕನಿ ಸೀಮೆಯ ಗಯೋಲೆ ಇನ್ ಕ್ಯಾಂತಿ ಎಂಬ ಊರಿನಲ್ಲಿ ೧೯೯೭ರಿಂದ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿ ನಡೆಯುತ್ತಿದೆ. ಅಲ್ಲಿಯ ಡಾಂಬರಿಲ್ಲದ ಬಿಳಿಯ ಜಲ್ಲಿ ರಸ್ತೆಗಳನ್ನು ಉಳಿಸಬೇಕೆಂಬ ಸದುದ್ದೇಶದಿಂದ ಹುಟ್ಟಿದ್ದು ಅದು. ಅದರ ನಿಯಮಾವಳಿ ಒಂದು ಒಳ್ಳೆಯ ವಿಮರ್ಶಾಗ್ರಂಥದಂತಿದೆ: ಸೈಕಲ್ಲು ೧೯೮೭ಕ್ಕಿಂತ ಹಿಂದಿನದಾಗಿರಬೇಕು, ಗೇರಿನ ಲಿವರು ಕೆಳಗಿನ ಕೊಳವೆಯ ಮೇಲಿರಬೇಕು, ಪೆಡಲಿಗೆ ಪಾದದ ಪಟ್ಟಿಯಿರಬೇಕು, ಬ್ರೇಕಿನ ಕೇಬಲ್ಲು ಹ್ಯಾಂಡಲಿನ ಪಟ್ಟಿಯೊಳಗೆ ಅಡಗದೆ ಹೊರಗೆ ಕಮಾನಾಗಿ ಕಾಣಬೇಕು. ವರ್ಷವೊಂದನ್ನು ಗೆರೆಯಾಗಿ ಎಳೆದದ್ದು ಆಡಳಿತದ ಅನುಕೂಲಕ್ಕೆ ಸರಿಯಿರಬಹುದು, ಅಭಿರುಚಿಯ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ. ಆದರೆ ಲಿವರಿನ ಸ್ಥಾನವನ್ನು ಕುರಿತ ನಿಯಮವನ್ನು ಮಾಡಿದವರಿಗೆ ನಿಜವಾದ ಒಳನೋಟವಿತ್ತು. ಹಳೆಯ ಸವಾರಿಯ ಅನುಭವ ಎಲ್ಲಿ ಅಡಗಿದೆಯೆಂಬುದನ್ನು ಅವರು ಸರಿಯಾಗಿ ಪತ್ತೆಹಚ್ಚಿದ್ದಾರೆ.

ಒಂದು ನಿದರ್ಶನ. ನನ್ನ ಪರಿಚಯದ ಎಂಜಿನಿಯರೊಬ್ಬರು ಫ್ರಾನ್ಸಿನಲ್ಲಿ ಕೆಲವು ವರ್ಷವಿದ್ದು ಬೆಂಗಳೂರಿಗೆ ಹಿಂತಿರುಗುವಾಗ ಪೆಜೋ ಕಂಪೆನಿಯ ಪಿ. ಎಕ್ಸ್. ೧೦ ಎಂಬ ಬಿಳಿಯ ಸೈಕಲ್ಲನ್ನು ತಂದಿದ್ದಾರೆ. ಈ ಮಾದರಿ ಸಾಮಾನ್ಯವಲ್ಲ. ಎದ್ದಿ ಮೆರ್ಕ್ಸ್ ೧೯೬೬ ಮತ್ತು ೧೯೬೭ರಲ್ಲಿ ಮಿಲಾನ್–ಸಾನ್ ರೆಮೊ ಪಂದ್ಯವನ್ನು ಗೆದ್ದದ್ದು ಪೆಜೋ ತಂಡದಲ್ಲಿದ್ದಾಗ. ಚೌಕಟ್ಟು ೫೩೧ ಉಕ್ಕಿನದು. ಆದರೆ ಡಿರೈಲರು ಸಿಂಪ್ಲೆಕ್ಸ್ ಕಂಪೆನಿಯ ಪ್ಲಾಸ್ಟಿಕ್ಕಿನದು. ಕಾಲಕ್ರಮದಲ್ಲಿ ಬಿರುಕು ಬಿಡುವುದಕ್ಕೆ ಹೆಸರಾದದ್ದು. ೧೯೭೦ರ ದಶಕದ ಸವಾರರೇ ಅದನ್ನು ಕಿತ್ತು ಜಪಾನಿನ ಸನ್‌ಟೂರ್ ಡಿರೈಲರನ್ನು ಹಾಕಿಕೊಳ್ಳುತ್ತಿದ್ದರು. ಎಂದಮೇಲೆ ‘ಮೂಲಪಾಠ’ ಯಾವುದು? ಕಾರ್ಖಾನೆಯಿಂದ ಹೊರಬಿದ್ದದ್ದೋ, ಆ ಕಾಲದ ಸಹೃದಯರು ಓದಿಕೊಂಡದ್ದೋ? ಅದೇ ಸಿಂಪ್ಲೆಕ್ಸ್ ಕಂಪೆನಿ ಮಾಡಿದ, ಒಳಗೆ ಸ್ಪ್ರಿಂಗಿನ ಹಿಡಿತವುಳ್ಳ ಲಿವರುಗಳಾದರೋ ಇಂದಿಗೂ ಬಲ್ಲವರು ಹುಡುಕಿ ಕೊಳ್ಳುವಷ್ಟು ನಯ. ಒಬ್ಬನೇ ಕವಿಯಲ್ಲಿ ಕಳಪೆ ಪದ್ಯವೂ ಅಮರ ಪದ್ಯವೂ ಇರುವಂತೆ.

ಈ ಸೈಕಲ್ಲಿನ ಮುಂದಿನ ಹಲ್ಲುಚಕ್ರಗಳು ೫೨ ಮತ್ತು ೪೫. ಹಿಂದೆ ದೊಡ್ಡದು ೨೩ ಹಲ್ಲಿನದಾದರೆ ಅತಿ ಹಗುರವಾದ ಗೇರಿನಲ್ಲಿಯೂ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ನಾಲ್ಕು ಮೀಟರಿಗೂ ಮಿಕ್ಕಿ ಹೋಗಬೇಕು. ನಂದಿಬೆಟ್ಟದ ತಿರುವುಗಳಲ್ಲಿ ಇದು ಇಪ್ಪತ್ತರ ಹರೆಯದ ಪಂದ್ಯಾಳುವಿಗೆ ಸಾಧ್ಯ. ಐವತ್ತರ ಎಂಜಿನಿಯರಿಗೆ ಮಂಡಿನೋವು. ಅವರು ಮಾಡಿದ್ದು ಇಷ್ಟು. ಮುಂದಿನ ಒಳಚಕ್ರವನ್ನು ೩೮ ಹಲ್ಲಿಗೆ ಇಳಿಸಿದರು. ಹಿಂದಿನ ಫೋರ್ಕಿನ ಬಾಯಿ ೧೨೦ ಮಿಲಿಮೀಟರಿದ್ದುದನ್ನು ೧೨೬ಕ್ಕೆ ಅಗಲಿಸಿದರು, ಪಕ್ಕಕ್ಕೆ ಮೂರೇ ಮಿಲಿಮೀಟರು. ಉಕ್ಕು ಅಷ್ಟನ್ನು ಮುನಿಯದೆ ಸಹಿಸುತ್ತದೆ, ಅಲ್ಯುಮಿನಿಯಮ್ಮಾಗಲಿ ಕಾರ್ಬನ್ನಾಗಲಿ ಸಹಿಸವು. ಅಲ್ಲಿಗೆ ಹೊಸ ಗಾಲಿಯನ್ನೂ, ನಮ್ಮ ಪೇಟೆಯ ಅಂಗಡಿಯಲ್ಲೇ ಸಿಗುವ ೧೪ರಿಂದ ೨೮ ಹಲ್ಲಿನ ಏಳು ಚಕ್ರದ ಫ್ರೀವೀಲನ್ನೂ, ಇಂದಿನ ಒಂದು ಸಾಧಾರಣ ಡಿರೈಲರನ್ನೂ ಕೂಡಿಸಿದರು. ಈಗ ಒಂದು ಸುತ್ತಿಗೆ ಮೂರು ಮೀಟರಿಗೂ ಕಡಮೆ. ಡಿರೈಲರು ತೂಗುವ ಕಿವಿಗೆ ತಿರುಪಿನ ಸುತ್ತು ಕೊರೆಯಬೇಕಾಯಿತು. ಹಿಂದಕ್ಕೆ ತರಲಾಗದ ಕೆಲಸ ಅದೊಂದೇ. ಲಿವರುಗಳನ್ನು ಮುಟ್ಟಲಿಲ್ಲ.

ಇನ್ನೊಂದು ಸೈಕಲ್ಲನ್ನೂ ನೋಡಿದೆ, ಇಟಲಿಯ ಚೌಕಟ್ಟು. ಹಳೆಯ ಬಣ್ಣವನ್ನು ಮರಳೆರಚಿ ಕೆರೆಸಿ, ಎರಕದ ಕುಸುರಿಯೇ ಮುಚ್ಚಿಹೋಗುವಂತೆ ಪುಡಿಬಣ್ಣ ಬಳಿಸಿದ್ದಾರೆ. ಹೊಸ ಬ್ರೇಕಿನ ಗುಪ್ತನಟ್ಟು ಕೂರಲೆಂದು ಫೋರ್ಕಿನ ನೆತ್ತಿಯನ್ನು ಕೊರೆದು ತೂತು ದೊಡ್ಡದು ಮಾಡಿದ್ದಾರೆ. ಕೆಳಗಿನ ಕೊಳವೆಯ ಮೇಲೆ ಲಿವರು ಕೂರುವ ಗುಬುಟುಗಳನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ. ಕಪ್ಪು ಕಾರ್ಬನ್ನಿನ ಅಗಲ ರಿಮ್ಮಿನ ಗಾಲಿಗಳ ನಡುವೆ ಆ ಸಪೂರ ಕೊಳವೆಗಳು ಭೀಮನ ಗದೆಗಳ ನಡುವೆ ಸಿಕ್ಕ ವೀಣೆಯಂತಿವೆ. ಖರ್ಚು ಮೊದಲಿನದಕ್ಕಿಂತ ಹಲವು ಪಾಲು ಹೆಚ್ಚು. ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸುವಾಗ ಒಡವೆಯ ಮಾತನ್ನೇ ಎತ್ತುತ್ತಾನೆ. ಎಷ್ಟು ಬೆಲೆಯದಾದರೂ ತನ್ನ ಸ್ಥಾನ ತಪ್ಪಿದ್ದು ನಗೆಗೀಡೆಂಬುದು ಅವನ ವಾದದ ತಿರುಳು. ಗುಬುಟುಗಳನ್ನು ಉಜ್ಜಿದ್ದನ್ನಂತೂ ಮನ್ನಿಸುವುದು ಕಷ್ಟ, ಏಕೆಂದರೆ ಅದರ ಅಗತ್ಯವೇ ಇರಲಿಲ್ಲ. ಅದೇ ಗುಬುಟುಗಳ ಮೇಲೆ ತಿರುಪಿ ಕೂರಿಸುವ ಸಣ್ಣ ಕೇಬಲ್ ತಡೆಗಳು ಸಿಗುತ್ತವೆ. ಬ್ರೇಕಿನ ಹಿಡಿಯಿಂದ ಬರುವ ಹೊಸ ಕೇಬಲ್ಲು ಅಲ್ಲಿಗೆ ಬಂದು ನಿಲ್ಲುತ್ತದೆ, ನಾಳೆ ಬೇಡವೆನಿಸಿದರೆ ಎರಡು ತಿರುಪು ಬಿಚ್ಚಿ ಹಳೆಯ ಲಿವರನ್ನು ಕೂರಿಸಬಹುದು. ಒಳ್ಳೆಯ ಸಂಪಾದಕನು ತನ್ನ ಊಹೆಯ ಪಾಠವನ್ನು ಮೇಲೆ ಅಚ್ಚು ಹಾಕಿದರೂ ಪ್ರತಿಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಈತ ಓಲೆಗರಿಯನ್ನೇ ಸುಟ್ಟಿದ್ದಾನೆ.

ಹೊಸ ಶಿಫ್ಟರಿನ ಪರವಾದ ವಾದಗಳಲ್ಲಿ ಗಟ್ಟಿಯಾದದ್ದು ವೇಗದ್ದಲ್ಲ, ಸುರಕ್ಷತೆಯದು. ಹೆಬ್ಬಾಳದ ಮೇಲುಸೇತುವೆಯ ಹತ್ತಿರ ಎರಡು ಬಸ್ಸುಗಳ ನಡುವೆ ಇರುವವನಿಗೆ ಒಂದು ಕೈಯನ್ನು ಮಂಡಿಯ ಬಳಿಗೆ ಇಳಿಸೆಂದು ಸೌಂದರ್ಯಶಾಸ್ತ್ರ ಬೋಧಿಸುವುದು ಕ್ರೌರ್ಯ. ಅಂಥವರು ಬ್ರೇಕಿನ ಹಿಡಿಯಲ್ಲೇ ಗೇರಿಟ್ಟುಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಅವರು ಕೊಡುವ ಬೆಲೆ ಅಂಗಡಿಯ ಚೀಟಿಯಲ್ಲಿ ಪೂರ್ತಿ ಬರೆದಿರುವುದಿಲ್ಲ. ಘರ್ಷಣೆಯ ಲಿವರಿಗೆ ಮಡಿಮೈಲಿಗೆಯಿಲ್ಲ; ಯಾವ ಕಂಪೆನಿಯ ಡಿರೈಲರಾದರೂ ಸರಿ, ಐದು ಚಕ್ರವೋ ಏಳೋ ಎಂಟೋ ಅದಕ್ಕೆ ಒಂದೇ, ಲೆಕ್ಕ ಇಡುವವನು ಸವಾರ. ಟಕ್ಕೆನ್ನುವ ಶಿಫ್ಟರಿಗೆ ಡಿರೈಲರು, ಹಲ್ಲುಚಕ್ರ, ಚೈನು ಎಲ್ಲವೂ ಸಗೋತ್ರದ್ದಾಗಬೇಕು. ಹನ್ನೆರಡು ಚಕ್ರದ ಗುಂಪಿನಲ್ಲಿ ಒಂದು ಅಂಗ ಕೆಟ್ಟರೆ ನೆರೆಮನೆಯಿಂದ ಎರವಲು ತರುವಂತಿಲ್ಲ. ೧೯೯೦ರ ದಶಕದ ಶಿಮಾನೋ ಶಿಫ್ಟರುಗಳಲ್ಲಿ ಎಷ್ಟೋ ಈಗ ಒಳಗಿನ ಗ್ರೀಸು ಗಟ್ಟಿಯಾಗಿ ಟಕ್ಕೆನ್ನುವುದನ್ನೇ ನಿಲ್ಲಿಸಿವೆ. ಅದನ್ನು ತೊಳೆದರೆ ಕೆಲವು ಎದ್ದು ಕೂರುತ್ತವೆ, ಸವೆದದ್ದಕ್ಕೆ ಒಳಗಿನ ಬಿಡಿಭಾಗ ದೊರೆಯುವುದು ದುರ್ಲಭ. ಅವುಗಳಿಗಿಂತ ಇಪ್ಪತ್ತು ವರ್ಷ ಹಿಂದಿನ ಸಿಂಪ್ಲೆಕ್ಸ್ ಲಿವರು ಮಾತ್ರ ಎಂಜಿನಿಯರ ಸೈಕಲ್ಲಿನ ಮೇಲೆ ಯಾವ ತಂಟೆಯೂ ಇಲ್ಲದೆ ಕೆಲಸ ಮಾಡುತ್ತಿದೆ. ಯಾವುದು ಹಳೆಯದು, ಯಾವುದು ಹೊಸದು ಎಂಬುದಕ್ಕೆ ತಯಾರಾದ ವರ್ಷವನ್ನು ನೋಡಿದರೆ ಸಾಲದು.

ಕೊನೆಗೆ ನನ್ನನ್ನು ಹೆಚ್ಚು ತಬ್ಬಿಬ್ಬುಗೊಳಿಸುವ ಒಂದು ಪ್ರಕರಣ ಉಳಿಯುತ್ತದೆ. ಶಿಮಾನೋ ೨೦೦೯ರಲ್ಲಿ ತಂದ ವಿದ್ಯುತ್ ಗೇರಿಗೆ ತಂತಿಯ ದಾರಿ ಬೇಕು. ಹಳೆಯ ಚೌಕಟ್ಟಿನ ಮೇಲೆ ಅದನ್ನು ಒಪ್ಪವಾಗಿ ಅಡಗಿಸುವುದು ಹೇಗೆಂಬುದೇ ಪಾಡು. ಅಮೆರಿಕದ ಸ್ರ್ಯಾಮ್ ಕಂಪೆನಿ ೨೦೧೫ರಲ್ಲಿ ಪ್ರಕಟಿಸಿದ ಗೇರಿಗೆ ಅದೂ ಬೇಡ. ಶಿಫ್ಟರಿನಿಂದ ಡಿರೈಲರಿಗೆ ಸಂದೇಶ ಗಾಳಿಯಲ್ಲಿ ಹೋಗುತ್ತದೆ, ಬ್ರೇಕಿನದನ್ನು ಬಿಟ್ಟರೆ ಕೇಬಲ್ಲೇ ಇಲ್ಲ. ಚೌಕಟ್ಟನ್ನು ಗಾಯಗೊಳಿಸಬಾರದು, ಹಿಂದಕ್ಕೆ ಮರಳುವ ದಾರಿ ಇರಬೇಕು ಎಂಬ ಅಳತೆಗೋಲಿನಿಂದ ನೋಡಿದರೆ ಎಲ್ಲಕ್ಕಿಂತ ಹೊಸದಾದ ಇದೇ ಹಳೆಯ ಚೌಕಟ್ಟಿಗೆ ಎಲ್ಲಕ್ಕಿಂತ ವಿನಯದಿಂದ ನಡೆದುಕೊಳ್ಳುತ್ತದೆ. ಕೈ, ಕಿವಿಗಳ ಕೆಲಸವೆಂಬ ಇನ್ನೊಂದು ಅಳತೆಗೋಲಿನಿಂದ ನೋಡಿದರೆ ಹಳೆಯದರಲ್ಲಿ ಇದು ಉಳಿಸುವುದು ಏನೇನೂ ಇಲ್ಲ. ಅಂಥ ಸೈಕಲ್ಲೊಂದರ ಚಿತ್ರವನ್ನು ನೋಡಿದ್ದೇನೆ: ಬಣ್ಣ ಮಾಸಿಲ್ಲ, ಕುಸುರಿ ಮುಕ್ಕಾಗಿಲ್ಲ, ಒಂದು ಹೊಸ ತೂತಿಲ್ಲ, ಕೆಳಗಿನ ಕೊಳವೆಯ ಎರಡು ಮಗ್ಗುಲಿನ ಗುಬುಟುಗಳ ಮೇಲೆ ಮಾತ್ರ ಏನೂ ಕೂತಿಲ್ಲ.