ಸೆವೆರಿನೊನ ಹೆಸರು: ಜನಪದ ಲಯ ಮತ್ತು ಇಂಗ್ಲಿಷ್ ಅನುವಾದ

ಬ್ರೆಜಿಲ್‌ನ ಆಧುನಿಕ ಕಾವ್ಯದ ಚರ್ಚೆ ಸಾಮಾನ್ಯವಾಗಿ 1922ರ ಫೆಬ್ರುವರಿಯಲ್ಲಿ ಸಾವೊ ಪೌಲೊದಲ್ಲಿ ಜರುಗಿದ ಆಧುನಿಕ ಕಲಾ ಸಪ್ತಾಹದಿಂದ ಆರಂಭವಾಗುತ್ತದೆ. ಅದರ ಮುಂದಾಳುಗಳಲ್ಲೊಬ್ಬನಾದ ಮಾರಿಯೊ ದಿ ಆಂದ್ರಾದಿ ಜನಪದ ಸಂಗೀತದ ಸಂಗ್ರಾಹಕನೂ ಆಗಿದ್ದನೆಂಬುದನ್ನು ಮರೆಯಲಾಗದು. ಆ ನೆಲದಲ್ಲಿ ಆಧುನಿಕತೆಯು ಜನಪದವನ್ನು ಹೊರಗಿಟ್ಟು ಬೆಳೆದುದಲ್ಲ. ಮುಂದಿನ ತಲೆಮಾರಿನ ಜೊಆವ್ ಕಬ್ರಾಲ್ ದಿ ಮೆಲೊ ನೆಟೊ (1920-1999) ರಚಿಸಿದ ‘ಮೊರ್ತಿ ಇ ವಿದಾ ಸೆವೆರಿನಾ’ ಇದಕ್ಕೆ ಸಾಕ್ಷಿ.

ಬರಗಾಲದ ಒಳನಾಡಿನಿಂದ ಕಪಿಬರಿಬಿ ನದಿಯ ಗುಂಟ ರೆಸಿಫೆಗೆ ನಡೆದು ಬರುವ ವಲಸಿಗನೊಬ್ಬನ ಕಥೆಯಿದು. ಕವಿ ಇದನ್ನು ಪೆರ್ನಾಂಬುಕೊದ ಕ್ರಿಸ್ಮಸ್ ಆಟವೆಂದು ಕರೆದಿದ್ದಾನೆ. ಕೊನೆಯ ಒತ್ತಿನವರೆಗೆ ಎಣಿಸಿದರೆ ಏಳು ಉಚ್ಚಾರಾಂಶಗಳಾಗುವ ಸಾಲು ಇಲ್ಲಿ ಪ್ರಧಾನವಾದುದು. ವ್ಯಂಜನಕ್ಕಿಂತ ಸ್ವರವನ್ನು ನೆಚ್ಚುವ ಪ್ರಾಸ ಅದರ ಜೊತೆಗಿದೆ. ಸಂತೆಗಳಲ್ಲಿ ದಾರಕ್ಕೆ ತೂಗುಹಾಕಿ ಮಾರುತ್ತಿದ್ದ ಕೊರ್ದೆಲ್ ಎಂಬ ಕಿರುಹೊತ್ತಿಗೆಗಳ ಪದ್ಯಕ್ಕೂ ಈ ಸಾಲಿಗೂ ನೆಂಟಸ್ತನವಿದೆ. ಬಾಲಕನಾಗಿದ್ದಾಗ ಕಬ್ಬಿನ ತೋಟದ ಕೂಲಿಗಳಿಗೆ ಅಂಥ ಹೊತ್ತಿಗೆಗಳನ್ನು ಓದಿ ಹೇಳಿದ್ದನ್ನು ಕವಿಯೇ ಮುಂದೊಂದು ಕವಿತೆಯಲ್ಲಿ ನೆನೆದಿದ್ದಾನೆ.

1951ರಿಂದ ಹಲವು ವರ್ಷ ಬ್ರೆಜಿಲ್‌ನಲ್ಲಿ ನೆಲೆಸಿದ್ದ ಅಮೆರಿಕದ ಕವಯಿತ್ರಿ ಎಲಿಜಬೆತ್ ಬಿಷಪ್ ಈ ಕೃತಿಯ ಕೆಲವು ಭಾಗಗಳನ್ನು ಇಂಗ್ಲಿಷಿಗೆ ತಂದರು. ಎಮಾನುಯೆಲ್ ಬ್ರಾಸಿಲ್ ಅವರೊಡನೆ ಸಂಪಾದಿಸಿದ 1972ರ ಸಂಕಲನದಲ್ಲಿ ಅವು ಸೇರಿವೆ. ಅರ್ಥದ ಮಟ್ಟಿಗೆ ಅನುವಾದ ನಿಷ್ಠವಾದುದು. ಚಿಕ್ಕ ಸಾಲುಗಳೂ ಉಳಿದಿವೆ. ತೊಡಕಿರುವುದು ಹೆಸರಿನಲ್ಲಿ. ಮೂಲದ ಶೀರ್ಷಿಕೆಯಲ್ಲಿ ‘ಸೆವೆರಿನಾ’ ಎಂಬುದು ಅಂಕಿತನಾಮವಲ್ಲ, ಸಾವು ಬದುಕುಗಳಿಗೆ ಅಂಟಿದ ವಿಶೇಷಣ. ವ್ಯಕ್ತಿಯ ಹೆಸರು ಅಲ್ಲಿ ಒಂದು ಬಗೆಯ ಬಾಳಿನ ಹೆಸರಾಗಿದೆ. ಬಿಷಪ್ ಇದನ್ನು ‘ಒಬ್ಬ ಸೆವೆರಿನೊನ’ ಸಾವು ಬದುಕು ಎಂದು ಮಾಡಿದರು. ‘ಒಬ್ಬ’ ಎಂಬ ಪದ ಅವನಂಥವರು ಹಲವರಿದ್ದಾರೆಂದು ಸೂಚಿಸುತ್ತದೆ, ನಿಜ. ಆದರೆ ವಿಶೇಷಣವು ಪುನಃ ಮನುಷ್ಯನೇ ಆಗಿಬಿಟ್ಟಿತು.

ಲಯದ ನಷ್ಟ ಇದಕ್ಕಿಂತ ದೊಡ್ಡದು. ಹಾಡಿನ ಚೌಕಟ್ಟು ಸಡಿಲವಾದೊಡನೆ ಸಮುದಾಯದ ದನಿ ಒಬ್ಬನ ಅಳಲಾಗಿ ಕೇಳಿಸುತ್ತದೆ. ರಿಯೊ ನಗರದ ಗುಡ್ಡದ ಕೇರಿಯ ಕಳ್ಳನೊಬ್ಬನನ್ನು ಕುರಿತು ಇಂಗ್ಲಿಷ್ ಲಾವಣಿಯ ಬಂಧದಲ್ಲೇ 1964ರಲ್ಲಿ ಪದ್ಯ ಪ್ರಕಟಿಸಿದ ಬಿಷಪ್, ಇಲ್ಲಿ ಮಾತ್ರ ಆ ಕೈಚಳಕವನ್ನು ಹಿಡಿದಿಟ್ಟದ್ದು ಅಚ್ಚರಿಯೇ ಸರಿ.

1965ರಲ್ಲಿ ಸಾವೊ ಪೌಲೊದ ವಿದ್ಯಾರ್ಥಿಗಳು ಶಿಕೊ ಬುವಾರ್ಕಿಯ ಸಂಗೀತದೊಡನೆ ಈ ಕೃತಿಯನ್ನು ರಂಗಕ್ಕೆ ತಂದಾಗ, ಕೂಲಿಯವನ ಹೆಣ ಹೂಳುವ ದೃಶ್ಯದ ಪದ್ಯ ಹಾಡಾಗಿ ನಾಡಿನಲ್ಲೆಲ್ಲ ಹಬ್ಬಿತು. ಆ ನಾದ ಇಂಗ್ಲಿಷ್ ಪುಟದಲ್ಲಿಲ್ಲ. ಆದರೆ 1972ರ ಸಂಕಲನ ದ್ವಿಭಾಷಿಕವಾದುದರಿಂದ ಎದುರು ಪುಟದಲ್ಲೇ ಮೂಲವಿದೆ. ಪೋರ್ಚುಗೀಸ್ ಅರಿಯದವರೂ ಅದನ್ನು ಗಟ್ಟಿಯಾಗಿ ಓದಿಕೊಳ್ಳಬಹುದು.